ಹೆಪ್ಪುಗಟ್ಟುವ ಚಳಿಯಲ್ಲಿ ದನಕರುಗಳಿಗೆ ನೀರು: ವಿದ್ಯುತ್ ಸಂಪರ್ಕವಿಲ್ಲದ ತೋಟದವರ ಅನುಭವಗಳು

ಕೋರಿಕೆ: ನಮ್ಮ ತೋಟಕ್ಕೆ ವಿದ್ಯುತ್ ಸಂಪರ್ಕವಿಲ್ಲ, ಇರುವ ಸೋಲಾರ್ ಫಲಕಗಳು ಮನೆಯ ದೀಪಕ್ಕೂ ಬಾವಿಯ ಸಣ್ಣ ಪಂಪಿಗೂ ಸಾಲುತ್ತವೆ, ಅಷ್ಟೆ. ಕರೆಯುವ ಹಸುಗಳು ಎರಡು, ಒಂದು ಕುದುರೆ, ಕೆಲವು ಆಡು, ಕೋಳಿಗಳಿವೆ. ಉಷ್ಣಾಂಶ ಶೂನ್ಯಕ್ಕಿಂತ 10-15 ಡಿಗ್ರಿ ಕೆಳಗಿಳಿಯುವ ರಾತ್ರಿಗಳಲ್ಲಿ ತೊಟ್ಟಿಯ ನೀರು ಬೆಳಗಾಗುವಷ್ಟರಲ್ಲಿ ಗಡ್ಡೆಯಾಗಿರುತ್ತದೆ; ಬಾವಿಯಿಂದ ಕೊಟ್ಟಿಗೆಗೆ ಬರುವ ಪೈಪೂ ಕಟ್ಟಿಕೊಳ್ಳುತ್ತದೆ. ತೊಟ್ಟಿಗೆ ಹೀಟರ್ ಹಾಕಬಹುದೇ, ಅಥವಾ ಹಿಮ ತಿಂದೇ ಪ್ರಾಣಿಗಳು ದಾಹ ತೀರಿಸಿಕೊಳ್ಳಬಲ್ಲವೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹಸು ಸಾಕುವವರೊಬ್ಬರು: ಹೀಟರಿನ ಆಸೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ತೊಟ್ಟಿಯಲ್ಲಿ ಮುಳುಗಿಸುವ 1500 ವಾಟಿನ ಸಾಧನವು ದಿನವಿಡೀ ಉರಿದರೆ 36 ಯೂನಿಟ್ ಬೇಡುತ್ತದೆ. ಹಗಲು ಚಿಕ್ಕದಾಗಿ ಬಿಸಿಲು ಓರೆಯಾಗಿರುವ ದಿನಗಳಲ್ಲಿ ದೀಪಕ್ಕೂ ಪಂಪಿಗೂ ಅಳೆದು ಹಾಕಿದ ಫಲಕಗಳಿಂದ ಅದನ್ನು ನಿರೀಕ್ಷಿಸಲಾಗದು. ನಿಮ್ಮ ಬಳಿ ಈಗಾಗಲೇ ಒಂದು ಹೀಟರ್ ಇದೆ, ಅದು ನಿಮ್ಮ ಬಾವಿ. ನೆಲದಾಳದಿಂದ ಬರುವ ನೀರು ಚಳಿಗಾಲದ ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ಅದರ ಜೊತೆಗೆ, ಶೂನ್ಯ ಡಿಗ್ರಿಗೆ ಇಳಿದ ನೀರು ಪೂರ್ತಿ ಗಡ್ಡೆಯಾಗಬೇಕಾದರೆ, 80 ಡಿಗ್ರಿಯ ನೀರು ತಣಿದು ಶೂನ್ಯಕ್ಕೆ ಬರುವಾಗ ಬಿಟ್ಟುಕೊಡುವಷ್ಟು ಶಾಖವನ್ನು ಮತ್ತೆ ಬಿಟ್ಟುಕೊಡಬೇಕಾಗುತ್ತದೆ. ಆದ್ದರಿಂದ ನೀರಿನ ರಾಶಿ ದೊಡ್ಡದಿದ್ದು, ಶಾಖ ಸೋರುವ ದಾರಿ ಕಿರಿದಾಗಿದ್ದು, ದಿನವೂ ಹೊಸ ನೀರು ಬೀಳುತ್ತಿದ್ದರೆ, ಬಹುಪಾಲು ರಾತ್ರಿಗಳಲ್ಲಿ ಮೇಲೊಂದು ತೆಳು ಪದರ ಕಟ್ಟುವುದರಲ್ಲೇ ಮುಗಿಯುತ್ತದೆ.

ನಾನು ತೊಟ್ಟಿಯ ಅರ್ಧಭಾಗವನ್ನು ನೆಲದೊಳಗೆ ಇಳಿಸಿ, ಉಳಿದ ಭಾಗಕ್ಕೆ ದಪ್ಪ ಥರ್ಮಾಕೋಲ್ ಹಲಗೆ ಕಟ್ಟಿ, ಅದನ್ನು ದನಗಳು ಕಡಿಯದಂತೆ ಹೊರಗಿನಿಂದ ಮರದ ಪಟ್ಟಿ ಹೊಡೆದಿದ್ದೇನೆ. ಮೇಲ್ಭಾಗ ಪೂರ್ತಿ ಮುಚ್ಚಿದೆ. ಬಿಸಿಲು ಬೀಳುವ ಕಡೆಗೆ ಮಾತ್ರ ಹಸುವಿನ ಮೂತಿ ಹಿಡಿಸುವಷ್ಟು ತೆರಪಿದ್ದು, ಅದರೊಳಗೆ ಒಂದು ಹಲಗೆ ನೀರಿನ ಮೇಲೆ ತೇಲುತ್ತದೆ. ಹಸು ಮೂತಿಯಿಂದ ಒತ್ತಿದರೆ ಹಲಗೆ ತಗ್ಗಿ ಅಂಚಿನಲ್ಲಿ ನೀರು ಏರುತ್ತದೆ, ತಲೆ ಎತ್ತಿದೊಡನೆ ತೆರಪು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೊದಲು ಅನುಮಾನದಿಂದ ಮೂಸುವ ಹಸುಗಳು ಇನ್ನೊಂದು ಹಸು ಕುಡಿಯುವುದನ್ನು ಕಂಡು ಕಲಿಯುತ್ತವೆ.

ಆದರೆ ದೊಡ್ಡದೆಂದು ಮಿತಿಮೀರಿ ದೊಡ್ಡ ತೊಟ್ಟಿ ಇಡಬೇಡಿ. ಕರೆಯುವ ಹಸು ದಿನಕ್ಕೆ 80ರಿಂದ 100 ಲೀಟರ್ ಕುಡಿಯುತ್ತದೆ, ಹೆಚ್ಚು ಹಾಲು ಕೊಡುವುದಾದರೆ ಇನ್ನೂ ಹೆಚ್ಚು. ಕುದುರೆಗೆ 25-45 ಲೀಟರ್ ಬೇಕು. ಒಂದು ದಿನದ ಬಳಕೆಗಿಂತ ಸ್ವಲ್ಪ ಮಿಗುವಷ್ಟು ಹಿಡಿಯುವ ತೊಟ್ಟಿಯಾದರೆ ನೀರು ದಿನದಿನವೂ ಬದಲಾಗುತ್ತದೆ. ಅದಕ್ಕಿಂತ ಬಹಳ ದೊಡ್ಡದಾದರೆ ಹಳೆಯ ನೀರು ಅಲ್ಲೇ ನಿಂತು ತಣಿಯುತ್ತಾ ಹೋಗುತ್ತದೆ. ಪಂಪನ್ನು ನಡುಹಗಲಿನಲ್ಲಿ, ಫಲಕಗಳು ನೇರವಾಗಿ ನಡೆಸಬಲ್ಲ ಹೊತ್ತಿನಲ್ಲಿ ಓಡಿಸಿ. ಲಿಥಿಯಂ ಬ್ಯಾಟರಿಯಿದ್ದರೆ ಅದು ಮನೆಯೊಳಗೇ ಇರಲಿ. ಶೂನ್ಯದ ಕೆಳಗೆ ಅದಕ್ಕೆ ಚಾರ್ಜ್ ಮಾಡಬಾರದು.

ಆಡು, ಕೋಳಿ ಸಾಕುವವರೊಬ್ಬರು: ಮೇಲಿನವರ ಮಾತು ಹಸುಗಳ ಮಟ್ಟಿಗೆ ಸರಿ. ಆಡೊಂದು ದಿನಕ್ಕೆ 4-8 ಲೀಟರ್ ಕುಡಿಯುವುದರಿಂದ ಕೆಲವೇ ಆಡುಗಳಿಗಾಗಿ ತೊಟ್ಟಿಯನ್ನು ಕಾಪಾಡುವುದು ದಂಡದ ಕೆಲಸ. ನೀರನ್ನು ಇಟ್ಟು ಕಾಯುವ ಬದಲು ಹೊತ್ತಿಗೆ ಸರಿಯಾಗಿ ಕೊಟ್ಟು, ಉಳಿದದ್ದನ್ನು ಚೆಲ್ಲಿಬಿಡುವುದೇ ಸುಲಭ. ಒಣಹುಲ್ಲು ತಿಂದು ಮುಗಿಸುವ ಹೊತ್ತಿಗೆ ಪ್ರಾಣಿಗಳಿಗೆ ಬಾಯಾರಿಕೆ ಹೆಚ್ಚು. ಹಸಿರು ಮೇವಿನಲ್ಲಿ ಮುಕ್ಕಾಲು ಪಾಲು ನೀರೇ ಇದ್ದರೆ ಒಣಹುಲ್ಲಿನಲ್ಲಿ ಅದು ನೂರಕ್ಕೆ ಹತ್ತು-ಹದಿನೈದು ಪಾಲಷ್ಟೇ ಇರುತ್ತದೆ. ಆ ಹೊತ್ತಿಗೆ ಉಗುರುಬೆಚ್ಚಗಿನ ನೀರು ಮುಂದಿಟ್ಟರೆ ಬಾನಿ ಬರಿದಾಗುವವರೆಗೆ ತಲೆ ಎತ್ತುವುದಿಲ್ಲ. ರಬ್ಬರಿನ ಬಾನಿಯನ್ನೇ ಬಳಸಿ: ಕವುಚಿ ಹಾಕಿ ಕಾಲಿನಿಂದ ಮೆಟ್ಟಿದರೆ ಗಡ್ಡೆ ಇಡಿಯಾಗಿ ಕಳಚಿ ಬೀಳುತ್ತದೆ, ಪ್ಲಾಸ್ಟಿಕ್ ಆದರೆ ಚಳಿಗೆ ಪೆಡಸಾಗಿ ಸೀಳುತ್ತದೆ. ಹೋತಗಳು, ಅದರಲ್ಲೂ ಬೀಜ ಒಡೆಸಿದವು, ನೀರು ಕಡಿಮೆ ಕುಡಿದರೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಪ್ರಾಣಕ್ಕೇ ಬರಬಹುದು. ಮೂತ್ರಕ್ಕೆಂದು ನಿಂತು ತಿಣುಕುವುದು ಕಂಡರೆ ಆ ದಿನವೇ ಪಶುವೈದ್ಯರನ್ನು ಕರೆಯಿರಿ. ಕೋಳಿಗಳು ಕತ್ತಲೆಯಲ್ಲಿ ಕುಡಿಯುವುದಿಲ್ಲವಾದ್ದರಿಂದ ಅವುಗಳ ಪಾತ್ರೆಯನ್ನು ಸಂಜೆ ಒಳಗೆ ತಂದಿಡಬಹುದು.

ಕೊಳಾಯಿ ಕೆಲಸ ಬಲ್ಲವರೊಬ್ಬರು: ಪೈಪಿನ ವಿಚಾರ ಯಾರೂ ಎತ್ತಲಿಲ್ಲ. ಪೈಪು ಕಟ್ಟಿಕೊಳ್ಳುವುದು ಅದರಲ್ಲಿ ನೀರು ನಿಲ್ಲುವುದರಿಂದ. ನಿಮ್ಮ ಕಡೆ ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟುತ್ತದೆಯೋ ಅದಕ್ಕಿಂತ ಕೆಳಗೆ ಪೈಪನ್ನು ಹೂಳಿ, ಕೊಟ್ಟಿಗೆಯ ಬಳಿ ಆಳದಲ್ಲೇ ಕವಾಟವಿರುವ ಉದ್ದ ಕೊಳವೆಯ ನಲ್ಲಿಯನ್ನು ನಿಲ್ಲಿಸುವುದು ಶಾಶ್ವತ ಪರಿಹಾರ. ಅದರ ಹಿಡಿ ಇಳಿಸಿದಾಗ ಕವಾಟ ಮುಚ್ಚಿ, ಮೇಲಿನ ಕೊಳವೆಯಲ್ಲಿ ಉಳಿದ ನೀರು ಬುಡದ ಸಣ್ಣ ತೂತಿನಿಂದ ಸುತ್ತಲಿನ ಜಲ್ಲಿಗೆ ಬಸಿದುಹೋಗುತ್ತದೆ. ಆ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ ಹಾಗೆಯೇ ಬಿಟ್ಟರೆ ಗಾಳಿ ಒಳಸೇರದೆ ನೀರು ಬಸಿಯುವುದಿಲ್ಲ, ನಲ್ಲಿ ಕಟ್ಟಿಕೊಳ್ಳುತ್ತದೆ. ಈ ವರ್ಷ ಅಗೆಯಲಾಗದಿದ್ದರೆ, ಇರುವ ಪೈಪನ್ನು ನಡುವೆಲ್ಲೂ ಜೋಲದಂತೆ ಒಂದೇ ಇಳಿಜಾರಿನಲ್ಲಿ ಹಾಯಿಸಿ, ಪಂಪ್ ನಿಂತೊಡನೆ ಪೂರ್ತಿ ಬರಿದಾಗುವಂತೆ ಮಾಡಿಕೊಳ್ಳಿ.

ಕುರಿ ಸಾಕುವವರೊಬ್ಬರು: ಹಿಮದ ಪ್ರಶ್ನೆಗೆ ಉತ್ತರ: ಮೆದುವಾದ, ಶುಭ್ರವಾದ ಹಿಮ ಸದಾ ಸಿಗುವಲ್ಲಿ ಹಾಲು ಕೊಡದ ಕುರಿಗಳು ಅದರಲ್ಲೇ ದಿನ ತಳ್ಳಬಲ್ಲವು, ಮಾಂಸದ ತಳಿಯ ದನಗಳೂ ಕಲಿಯುತ್ತವೆ. ಹಿಮದ ಮೇಲೆ ಗಟ್ಟಿ ಪೊರೆ ಕಟ್ಟಿದರೆ ಅದೂ ಇಲ್ಲ. ನಿಮ್ಮ ಕರೆಯುವ ಹಸುಗಳನ್ನೂ ಕುದುರೆಯನ್ನೂ ನೀರಿಗೆ ಹಿಮವನ್ನೇ ನಂಬಿ ಬಿಡಬೇಡಿ. ಹಸುವಿನ ಹಾಲು ಕಡಿಮೆಯಾಗುತ್ತದೆ, ಕುದುರೆಗೆ ಒಣಹುಲ್ಲು ಕರುಳಿನಲ್ಲಿ ಗಟ್ಟಿಯಾಗಿ ಸಿಕ್ಕಿ ಹೊಟ್ಟೆಶೂಲೆ ಬರುತ್ತದೆ. ಹಿಮ ಕರಗಿಸಿ ಕೊಡುವುದು ಆಪತ್ಕಾಲದ ಉಪಾಯವೇ ಹೊರತು ದಿನನಿತ್ಯದ್ದಲ್ಲ. ಆಗ ತಾನೆ ಬಿದ್ದ ಹಿಮ ಹತ್ತು ಬಕೆಟ್ ಕರಗಿದರೆ ನೀರು ಒಂದು ಬಕೆಟ್ ಆದೀತು. ಸಾಧಾರಣ ಒಲೆಯಲ್ಲಿ ಒಂದು ಕಿಲೋ ಒಣ ಕಟ್ಟಿಗೆಯಿಂದ 10-12 ಲೀಟರ್ ಸಿಕ್ಕರೆ ಹೆಚ್ಚು. ಕರಗಿಸಲೇಬೇಕಾಗಿ ಬಂದರೆ ಹಂಡೆಯ ತಳದಲ್ಲಿ ಸ್ವಲ್ಪ ನೀರಿಟ್ಟು ಆಮೇಲೆ ಹಿಮ ತುಂಬಿ, ಇಲ್ಲವಾದರೆ ತಳ ಸೀಯುತ್ತದೆ.

ಮತ್ತೊಬ್ಬರು: ಉಪ್ಪುನೀರು ತುಂಬಿದ ಬಾಟಲಿಗಳನ್ನು ತೊಟ್ಟಿಯಲ್ಲಿ ತೇಲಿಬಿಡುವ ಉಪಾಯವನ್ನು ಹಲವರು ಹೇಳುತ್ತಾರೆ. ಗಾಳಿಗೆ ಬಾಟಲಿ ಅಲುಗಾಡುತ್ತಿದ್ದರೆ ಲಘು ಚಳಿಯಲ್ಲಿ ಪದರ ಕಟ್ಟುವುದು ತುಸು ತಡವಾಗಬಹುದು. ನೀವು ಹೇಳುವ ಚಳಿಗೆ ಅದು ಲೆಕ್ಕಕ್ಕಿಲ್ಲ. ವಾಹನಗಳ ಆಂಟಿಫ್ರೀಜ್ ಅನ್ನಂತೂ ಯಾವ ಕಾರಣಕ್ಕೂ ಬಳಸಬೇಡಿ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.

ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಈ ವರ್ಷ ತೇಲುವ ಹಲಗೆಯನ್ನೂ ಪೈಪಿನ ಇಳಿಜಾರನ್ನೂ ಸರಿಮಾಡಿಕೊಳ್ಳುತ್ತೇನೆ, ಆಡುಗಳಿಗೆ ಬಾನಿ. ತೊಟ್ಟಿಯ ಸುತ್ತ ನೀರು ಚೆಲ್ಲಿ ನೆಲ ಜಾರುವುದಕ್ಕೆ ಏನು ಮಾಡುತ್ತೀರಿ?

ಹಸು ಸಾಕುವವರು: ಬೇಸಿಗೆಯಲ್ಲೇ ತೊಟ್ಟಿಯ ಸುತ್ತ ಜಲ್ಲಿ ಹಾಸಿ ಹೊರಕ್ಕೆ ಇಳಿಜಾರು ಕೊಟ್ಟಿರಬೇಕು. ಈಗ ಒಲೆಯ ಬೂದಿಯನ್ನೂ ಒರಟು ಮರಳನ್ನೂ ದನಗಳನ್ನು ಬಿಡುವ ಮುಂಚೆಯೇ ಎರಚಿ. ಗಬ್ಬದ ಹಸುವಿದ್ದರೆ ಅಲ್ಲಿಗೆ ಬಿಡದೆ ಕೊಟ್ಟಿಗೆಯಲ್ಲೇ ಬಕೆಟಿನಲ್ಲಿ ನೀರು ಕೊಡಿ.