ಪದ ಬೇಕಾಗಿದೆ: ಎಸಿ, ಡಿಸಿ ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡುವ ಜಪಾನಿನ ರೈಲಿಗೆ (ತುರ್ತು)

ನಮಸ್ಕಾರ.

ಜಪಾನಿನ ರೈಲು ಮಾದರಿಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕಗಳು ಸಿದ್ಧವಾಗುತ್ತಿವೆ. ಸೋಮವಾರ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಒಂದು ಫಲಕ ಟೋಕಿಯೊದಿಂದ ಈಶಾನ್ಯಕ್ಕೆ ಹೋಗುವ ಜೋಬಾನ್ ಮಾರ್ಗದ ಇ501 ರೈಲಿನದು. 1995ರ ಡಿಸೆಂಬರಿನಲ್ಲಿ ಓಡಾಟಕ್ಕೆ ಬಂದ ಈ ರೈಲು ಟೋಕಿಯೊ ಕಡೆ 1,500 ವೋಲ್ಟ್ ಡಿಸಿಯಲ್ಲೂ, ತೊರಿದೆ ನಿಲ್ದಾಣ ದಾಟಿದ ಮೇಲೆ 20,000 ವೋಲ್ಟ್ 50 ಹರ್ಟ್ಸ್ ಎಸಿಯಲ್ಲೂ ಓಡುತ್ತಿತ್ತು (2007ರವರೆಗೆ). ಇಂಗ್ಲಿಷ್ ಕರಡಿನಲ್ಲಿ 'ಡ್ಯುಯಲ್ ವೋಲ್ಟೇಜ್ ಕಮ್ಯೂಟರ್ ಟ್ರೈನ್' ಎಂದಿದೆ. ಸದ್ಯಕ್ಕೆ 'ದ್ವಿ-ವೋಲ್ಟೇಜ್ ರೈಲು' ಎಂದು ಹಾಕಿದ್ದೇನೆ, ಮನಸ್ಸಿಗೆ ಒಪ್ಪುತ್ತಿಲ್ಲ. ಎರಡೂ ವಿದ್ಯುತ್ತುಗಳ ನಡುವೆ ಕರೆಂಟಿಲ್ಲದ ತಂತಿಯ ತುಂಡೊಂದಿದೆ, 'ಡೆಡ್ ಸೆಕ್ಷನ್'. ಅದಕ್ಕೂ ಪದ ಬೇಕು. ಶೀರ್ಷಿಕೆಗೆ ಮೂರು ಪದಕ್ಕಷ್ಟೇ ಜಾಗ. ಓದುವವರು ಹೈಸ್ಕೂಲು ಮಕ್ಕಳು.

ಸು. ನಾ.

*

ಸು. ನಾ. ಅವರಿಗೆ,

'ದ್ವಿ-ವೋಲ್ಟೇಜ್' ಬೇಡ. ಅದು ಬೇರೆ ಜಾತಿಯ ರೈಲಿನ ಹೆಸರು. ಜಪಾನೀಯರು ಇವೆರಡನ್ನೂ ಎರಡು ಪದಗಳಿಂದ ಕರೆಯುತ್ತಾರೆ. ವೋಲ್ಟೇಜ್ ಮಾತ್ರ ಬೇರೆಯಾಗಿ ವಿದ್ಯುತ್ತಿನ ಬಗೆ ಒಂದೇ ಇದ್ದರೆ 'ಫುಕುದೆನ್‌ಆತ್ಸು'. ಹಕೋನೆ ಬೆಟ್ಟದ ರೈಲು ಹಾಗೆ: ಓದವರ ಕಡೆ 1,500 ವೋಲ್ಟ್, ಹಕೋನೆ-ಯುಮೊತೊದಿಂದ ಗೋರಾಕ್ಕೆ ಏರುವಾಗ 750, ಎರಡೂ ಡಿಸಿಯೇ. ಅಕಿತಾಕ್ಕೆ ಹೋಗುವ ಇ6 ಶಿಂಕಾನ್ಸೆನ್ ಕೂಡ ಹಾಗೆಯೇ: ಶಿಂಕಾನ್ಸೆನ್ ಹಳಿಯಲ್ಲಿ 25,000, ಮೊರಿಒಕಾ ಬಿಟ್ಟು ಹಳೆಯ ಮಾರ್ಗಕ್ಕೆ ಇಳಿದ ಮೇಲೆ 20,000, ಎರಡೂ ಎಸಿ. ಇ501 ಮಾತ್ರ 'ಕೋಚೊಕುರ್ಯೂ ದೆನ್ಶಾ'. 'ಕೋರ್ಯೂ' ಎಸಿ, 'ಚೊಕುರ್ಯೂ' ಡಿಸಿ. ಇಲ್ಲಿ ಬದಲಾಗುವುದು ವಿದ್ಯುತ್ತಿನ ಬಗೆ, ವೋಲ್ಟೇಜ್ ಅದರ ಹಿಂದೆ ಬರುವ ವಿಷಯ. ಕರಡು ಬರೆದವರ ಅಸಡ್ಡೆಯನ್ನು ಕನ್ನಡಕ್ಕೂ ತರುವುದೇಕೆ?

ಒಳಗಿನ ಕೆಲಸ ನೋಡಿದರೂ ಇದೇ. ಎಸಿ ತಂತಿಯ ಕೆಳಗೆ, ತಂತಿಗೆ ತಾಗುವ ಚಾವಣಿಯ ಪ್ಯಾಂಟೋಗ್ರಾಫಿನಿಂದ ಬಂದದ್ದು ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ಕನ್ವರ್ಟರಿನಲ್ಲಿ ಡಿಸಿಯಾಗಿ, ಮೋಟಾರಿಗೆ ಬೇಕಾದ ಎಸಿ ಮಾಡುವ ಇನ್ವರ್ಟರ್ ದಾಟಿ ಮೋಟಾರಿಗೆ ಹೋಗುತ್ತದೆ. ಡಿಸಿ ತಂತಿಯ ಕೆಳಗೆ ಟ್ರಾನ್ಸ್‌ಫಾರ್ಮರಿಗೂ ಕನ್ವರ್ಟರಿಗೂ ಕೆಲಸವಿಲ್ಲ, ನೇರ ಇನ್ವರ್ಟರಿಗೆ. ಅಂದರೆ ಡಿಸಿ ರೈಲಿನ ಮೇಲೆ ಎಸಿಯ ಸಾಮಾನು ಹೇರಿದಂತೆ. ಆ ಸಾಮಾನಿಗೆ ತೂಕವೂ ಇದೆ, ಖರ್ಚೂ ಇದೆ. ಅದಕ್ಕೇ 2005ರ ಆಗಸ್ಟಿನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ ಮಾರ್ಗ ತೆರೆದಾಗ ಎರಡು ಬಗೆಯ ರೈಲು ಮಾಡಿಸಿದರು: ಮೊರಿಯಾದಲ್ಲೇ ಹಿಂದಿರುಗುವ ಟಿಎಕ್ಸ್-1000 ಬರೀ ಡಿಸಿ, ತ್ಸುಕುಬಾ ಮುಟ್ಟುವ ಟಿಎಕ್ಸ್-2000ಕ್ಕೆ ಮಾತ್ರ ಎರಡೂ.

ಫಲಕದಲ್ಲಿ 'ಪರಿವರ್ತಕ' ಬಳಸುವುದಾದರೆ ಜೋಕೆ. ನಮ್ಮ ವಿದ್ಯುತ್ ಕಂಪನಿಗಳ ಪ್ರಕಟಣೆಗಳಲ್ಲಿ ಅದು ಟ್ರಾನ್ಸ್‌ಫಾರ್ಮರ್. ಕನ್ವರ್ಟರಿಗೂ ಅದನ್ನೇ ಹಾಕಿದರೆ ಮಕ್ಕಳಿಗೆ ಒಂದೂ ತಿಳಿಯುವುದಿಲ್ಲ.

'ಎಸಿ-ಡಿಸಿ ರೈಲು' ಎಂದೂ ಬರೆಯಬೇಡಿ. ಮುಂಬಯಿಯಲ್ಲಿ 1,500 ವೋಲ್ಟ್ ಡಿಸಿಯನ್ನು 25,000 ವೋಲ್ಟ್ ಎಸಿಗೆ ಬದಲಾಯಿಸುತ್ತಿದ್ದ ವರ್ಷಗಳಲ್ಲಿ ಎರಡರಲ್ಲೂ ಓಡುವ ರೇಕುಗಳಿದ್ದವು (ರೇಕ್ ಅಂದರೆ ಬೋಗಿಗಳ ಜೋಡಣೆ). ರೈಲ್ವೆಯವರು ಅವನ್ನು 'ಎಸಿ-ಡಿಸಿ ರೇಕ್' ಎಂದರೆ ಅವರವರಿಗೆ ತಿಳಿಯುತ್ತದೆ. ಪ್ಲಾಟ್‌ಫಾರಂ ಮೇಲೆ ನಿಂತವರಿಗೆ 'ಎಸಿ ಲೋಕಲ್' ಅಂದರೆ ತಣ್ಣನೆಯ ಗಾಳಿಯ ಲೋಕಲ್. ಡಿಸಿ ಅಂದರೆ ಕರ್ನಾಟಕದ ಮಕ್ಕಳಿಗೆ ಜಿಲ್ಲಾಧಿಕಾರಿ.

ಕೆ. ವಿ., ಡೊಂಬಿವಿಲಿ

*

ಪಠ್ಯಪುಸ್ತಕದಲ್ಲಿ ಎಸಿಗೆ 'ಪರ್ಯಾಯ ವಿದ್ಯುತ್ ಪ್ರವಾಹ', ಡಿಸಿಗೆ 'ನೇರ ವಿದ್ಯುತ್ ಪ್ರವಾಹ' ಎಂದು ಇದೆಯಲ್ಲ. ಮಕ್ಕಳು ಓದಿರುವುದು ಅದನ್ನೇ. ಚರ್ಚೆ ಏಕೆ?

'ಪರ್ಯಾಯ' ಅಂದರೆ 'ಬದಲಿ' ಎಂದು ತಿಳಿದು ಇಲ್ಲಿ ಯಾರಾದರೂ ಆಕ್ಷೇಪಿಸುವ ಮೊದಲೇ ಹೇಳುತ್ತೇನೆ. ಪರಿ ಉಪಸರ್ಗ, ಹೋಗು ಎಂಬರ್ಥದ 'ಇ' ಧಾತು: ಸುತ್ತಿ ಬರುವುದು, ಸರದಿ. ಉಡುಪಿಯಲ್ಲಿ ಎಂಟು ಮಠಗಳಿಗೆ ಎರಡೆರಡು ವರ್ಷದಂತೆ ಕೃಷ್ಣಪೂಜೆಯ ಸರದಿ ಬರುತ್ತದಲ್ಲ, ಆ ಪರ್ಯಾಯ. ಒಂದು ದಿಕ್ಕು, ಮತ್ತೊಂದು ದಿಕ್ಕು, ಸರದಿಯಂತೆ ಹರಿಯುವ ವಿದ್ಯುತ್ತಿಗೆ ಇದಕ್ಕಿಂತ ಸರಿಯಾದ ಪದ ಭಾರತದ ಯಾವ ಭಾಷೆಯಲ್ಲೂ ಇಲ್ಲ. ಹಿಂದಿಯ 'ಪ್ರತ್ಯಾವರ್ತೀ ಧಾರಾ'ದಲ್ಲಿ ಹಿಂದಿರುಗುವುದಷ್ಟೇ ಇದೆ, ಸರದಿ ಇಲ್ಲ. ಶೀರ್ಷಿಕೆ: 'ಪರ್ಯಾಯ-ನೇರ ವಿದ್ಯುತ್ ರೈಲು'.

ವಿ. ರಾ. ಭ.

*

ಭಟ್ಟರೇ, ವ್ಯುತ್ಪತ್ತಿ ಸರಿ. ಆದರೆ ಫಲಕದ ಮೇಲೆ 'ಪರ್ಯಾಯ ವಿದ್ಯುತ್ ರೈಲು' ಕಂಡರೆ ಇಂದಿನ ಓದುಗರು ಸೌರಶಕ್ತಿಯ ರೈಲು ಅಂದುಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ 'ಪರ್ಯಾಯ ಇಂಧನ', 'ಪರ್ಯಾಯ ವ್ಯವಸ್ಥೆ' ಓದಿಯೇ ಅವರು ಬೆಳೆದಿರುವುದು. 'ಪ್ರವಾಹ' ಸೇರಿಸಿದರಂತೂ ನೆರೆ ಬಂದ ಹಾಗೆ. ಒಳಗಿನ ವಿವರಣೆಯಲ್ಲಿ ಪಠ್ಯದ ಪದ ಇರಲಿ, ತಲೆಬರಹಕ್ಕೆ ಆಗದು.

ಕೆ. ವಿ.

*

ಸಂಸ್ಕ್ರುತದ ಹೊರೆ ಯಾಕೆ? ಕನ್ನಡದಲ್ಲಿ 'ಮಿಂಚು' ಇದೆ. ಬೇರು 'ಮಿನ್'. ಮಿನುಗು, ಮಿಣುಕು, ಮಿಂಚು ಎಲ್ಲವೂ ಅದರಿಂದ ಬಂದವು. ಇದೇ ಬೇರಿನಿಂದ ತಮಿಳರು ಕರೆಂಟಿಗೆ 'ಮಿನ್ನೋಟ್ಟಂ' ಎಂದು ಕಟ್ಟಿಕೊಂಡು ಮಕ್ಕಳಿಗೆ ಕಲಿಸುತ್ತಿದ್ದಾರೆ. ಎಸಿ 'ಮಾಱುತಿಸೈ', ಡಿಸಿ 'ನೇರ್ತಿಸೈ'. ನಮಗೂ 'ಮಾರ್ಮಿಂಚು', 'ನೇರ್ಮಿಂಚು' ಸಾಕು. ಎರಡರಲ್ಲೂ ಓಡುವುದು 'ಇಬ್ಬಗೆಮಿಂಚಿನ ಬಂಡಿ'. ಇರ್ ಮುಂದೆ ಬ ಬಂದರೆ ಇಬ್ಬದಿ, ಇಬ್ಬಗೆ; ಮ ಬಂದರೆ ಇಮ್ಮಡಿ. ಸೊಲ್ಲರಿಮೆ (ವ್ಯಾಕರಣ) ಒಪ್ಪುತ್ತದೆ. ಡೆಡ್ ಸೆಕ್ಶನ್ನಿಗೆ 'ಮಿಂಚಿಲ್ಲೆಡೆ'. ಜಪಾನಿನವರು ತಮ್ಮ ನುಡಿಯಲ್ಲೇ ಪದ ಕಟ್ಟಿಕೊಂಡರು, ನಾವು ಯಾಕೆ ಬೇಡಬೇಕು?

ಹೊ. ಮ.

*

'ತಿಸೈ' ಸಂಸ್ಕೃತದ 'ದಿಶಾ'. ಮೊದಲು ಅದನ್ನು ನೋಡಿಕೊಳ್ಳಿ.

'ಮಾರ್ಮಿಂಚು' ಓದಿದ ಮಗು ಮಾರಾಟದ ಮಿಂಚು ಎನ್ನುತ್ತದೆ. ಹಳಗನ್ನಡದ 'ಮಾಱು' ಶಬ್ದಕ್ಕೂ ಮಾರಾಟದ ಅರ್ಥವಿದೆ. 'ಮಿಂಚಿನ ಬಂಡಿ' ಅಂದರೆ ವೇಗದ ಬಂಡಿ. 'ಇಬ್ಬಗೆ' ಜೊತೆಗೆ ಜನರ ಬಾಯಲ್ಲಿ ಬರುವುದು 'ಇಬ್ಬಗೆ ನೀತಿ'. ಅದನ್ನು 'ವಿದ್ಯುತ್' ಜೊತೆ ಸೇರಿಸಿದರೆ ಕನ್ನಡ-ಸಂಸ್ಕೃತ ಬೆರೆಸಿದ ಅರಿಸಮಾಸದ ದೋಷ ಬೇರೆ.

ಜಪಾನೀಯರು ತಮ್ಮ ನುಡಿಯಲ್ಲಿ ಕಟ್ಟಿಕೊಂಡರು ಎಂಬುದೂ ಸುಳ್ಳು. ಕೋ, ಚೊಕು, ರ್ಯೂ, ದೆನ್, ಶಾ: ಐದೂ ಚೀನೀ ಮೂಲದ ಬೇರುಗಳು. ನಮಗೆ ಸಂಸ್ಕೃತ ಹೇಗೋ ಅವರಿಗೆ ಚೀನೀ ಹಾಗೆ.

ವಿ. ರಾ. ಭ.

*

ಅರಿಸಮಾಸದ ಗುಮ್ಮ ಇನ್ನೆಶ್ಟು ದಿನ? 'ಜಿಲ್ಲಾದಿಕಾರಿ' ಪದದಲ್ಲಿ ಅರಬ್ಬಿಗೂ ಸಂಸ್ಕ್ರುತಕ್ಕೂ ದೀರ್ಗಸಂದಿಯೇ ಮಾಡಿಟ್ಟಿದ್ದೀರಿ. ಅದು ಶುದ್ದ, 'ಇಬ್ಬಗೆ ವಿದ್ಯುತ್' ತಪ್ಪು. ಯಾವ ನ್ಯಾಯ?

ಹೊ. ಮ.

*

ಸ್ನೇಹಿತರೇ, ಡೆಡ್ ಸೆಕ್ಷನ್ ಉಳಿಯಿತು. 'ಮೃತ ವಿಭಾಗ' ಎಂದು ಒಬ್ಬರು ಖಾಸಗಿಯಾಗಿ ಬರೆದಿದ್ದಾರೆ. ನಮ್ಮ ರೈಲ್ವೆಯವರ 'ನ್ಯೂಟ್ರಲ್ ಸೆಕ್ಷನ್' ಹಾಕಬಹುದೇ?

ಸು. ನಾ.

*

ಬೇಡ, ಎರಡೂ ಬೇರೆ. ನಮ್ಮ ನ್ಯೂಟ್ರಲ್ ಸೆಕ್ಷನ್ನಿನ ಎರಡೂ ಬದಿಗೆ ಅದೇ 25,000 ವೋಲ್ಟ್ ಎಸಿ, ಫೇಸ್ ಮಾತ್ರ ಬೇರೆ. 500 ಮತ್ತು 250 ಮೀಟರ್ ಮೊದಲು ಎಚ್ಚರಿಕೆ ಫಲಕ, ಆಮೇಲೆ ಕರೆಂಟು ಕಡಿಯುವ ಬ್ರೇಕರ್ ತೆರೆ, ದಾಟು, ಮುಚ್ಚು. ತೊರಿದೆ ಮತ್ತು ಫುಜಿಶಿರೊ ನಡುವೆ ಇರುವಲ್ಲಿ ಒಂದು ಬದಿ ಡಿಸಿ, ಇನ್ನೊಂದು ಬದಿ ಎಸಿ. ಬ್ರೇಕರ್ ತೆರೆದರಷ್ಟೇ ಸಾಲದು. ಚಾಲಕ ಮೋಟಾರಿಗೆ ಹೋಗುವ ಶಕ್ತಿ ಪೂರ್ತಿ ಕಡಿದು ಎಸಿ-ಡಿಸಿ ಬದಲಿಸುವ ಸ್ವಿಚ್ ತಿರುಗಿಸಬೇಕು. ಆಗ ಬ್ರೇಕರ್ ತೆರೆದುಕೊಂಡು, ಚಾವಣಿಯ ಮೇಲಿನ ಬದಲಿ ಸ್ವಿಚ್ ಇನ್ನೊಂದು ಬದಿಗೆ ಹೊರಳುತ್ತದೆ. ರೈಲು ಇದ್ದ ವೇಗದಲ್ಲೇ ಉರುಳಿ ಆಚೆ ಸೇರುತ್ತದೆ, ರಿಲೇ ಹೊಸ ವೋಲ್ಟೇಜನ್ನು ಗುರುತಿಸಿದ ಮೇಲೆ ಬ್ರೇಕರ್ ಮುಚ್ಚುತ್ತದೆ. ಮರೆತು ಡಿಸಿ ಸ್ಥಿತಿಯಲ್ಲೇ ಎಸಿ ತಂತಿಯ ಕೆಳಗೆ ನುಗ್ಗಿದರೆ ಡಿಸಿಯ ಸಿಡಿಲುತಡೆ ಸಿಡಿದು ನೆಲಕ್ಕೆ ಹರಿಸುತ್ತದೆ, ಉಪಕೇಂದ್ರ ಟ್ರಿಪ್ ಆಗುತ್ತದೆ. ಎಸಿ ಸ್ಥಿತಿಯಲ್ಲಿ ಡಿಸಿ ಕೆಳಗೆ ಬಂದರೆ ಟ್ರಾನ್ಸ್‌ಫಾರ್ಮರ್ ಸುರುಳಿಗೆ ಡಿಸಿ ನುಗ್ಗುತ್ತದೆ. ಅದನ್ನು ತಡೆಯುವ ಅಡೆತಡೆ ಸುರುಳಿಯಲ್ಲಿ ಇಲ್ಲ, ಮುಖ್ಯ ಫ್ಯೂಸ್ ಹೋಗುತ್ತದೆ. ಆ ತುಂಡಿನ ಕೆಳಗೇ ರೈಲು ನಿಂತುಬಿಟ್ಟರೆ ಎಳೆದುಕೊಳ್ಳಲು ಕರೆಂಟೇ ಇಲ್ಲ.

ಆದ್ದರಿಂದ 'ತಟಸ್ಥ' ಬೇಡ, 'ಮೃತ'ವಂತೂ ಬೇಡವೇ ಬೇಡ, ರೈಲು ಫಲಕದ ಮೇಲೆ ಅಪಘಾತದ ಸುದ್ದಿಯಂತೆ ಕಾಣುತ್ತದೆ. ಹೊ. ಮ. ಅವರಿಗೂ ಒಂದು ಮಾತು: ಪದ ಕಟ್ಟುವುದರಲ್ಲಿ ಮಾದರಿ ಎಂದಿರಲ್ಲ, ಆ ಜಪಾನೀಯರು ಇದನ್ನು 'ದೆಡ್ಡೊ ಸೆಕುಶೊನ್' ಎಂದೇ ಕರೆಯುತ್ತಾರೆ. ಬಿಡಿಸಿ ಹೇಳಿ: 'ವಿದ್ಯುತ್ ಇಲ್ಲದ ತಂತಿಯ ತುಂಡು'.

ಫಲಕದಲ್ಲಿ ಜಾಗವಿದ್ದರೆ ಕಾರಣವನ್ನೂ ಬರೆಯಿರಿ. ಇಬಾರಕಿ ಪ್ರಾಂತದ ಇಶಿಒಕಾ ನಗರದಲ್ಲಿ ಕಾಕಿಒಕಾ ಭೂಕಾಂತ ವೀಕ್ಷಣಾಲಯವಿದೆ. ಡಿಸಿ ರೈಲಿನ ಕರೆಂಟು ಹಳಿಯಿಂದ ನೆಲಕ್ಕೆ ಸೋರಿ ದೂರದವರೆಗೆ ಹರಿಯುತ್ತದೆ, ಅದರ ಕಾಂತಕ್ಷೇತ್ರ ಭೂಮಿಯ ಕ್ಷೇತ್ರದ ಅಳತೆಯನ್ನು ಕೆಡಿಸುತ್ತದೆ. ಎಸಿ ಸೆಕೆಂಡಿಗೆ 50 ಸಲ ಆಚೀಚೆ ಆಗುವುದರಿಂದ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ಸುತ್ತ ಸುಮಾರು 30 ಕಿಲೋಮೀಟರಿನಲ್ಲಿ ಮಾಮೂಲಿ ಡಿಸಿ ಮಾರ್ಗ ಹಾಕುವಂತಿಲ್ಲ. ತ್ಸುಕುಬಾ ಮಾರ್ಗವೂ ಮೊರಿಯಾ ದಾಟಿ ಎಸಿ ಆಗುವುದು ಇದರಿಂದಲೇ. ನಮ್ಮಲ್ಲಿ ಇದೇ ತೊಂದರೆಗೆ ವೀಕ್ಷಣಾಲಯವನ್ನೇ ಸರಿಸಿದರು: ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದ್ದಾಗ ಕೊಲಾಬಾದ ಕಾಂತೀಯ ಅಳತೆ 1904ರಲ್ಲಿ ಅಲಿಬಾಗಿಗೆ ಹೋಯಿತು.

ಕೆ. ವಿ.

*

ಆಗಲಿ, 'ಉಭಯವಿದ್ಯುತ್'. ಎರಡೂ ತತ್ಸಮ, ಸಮಾಸಕ್ಕೆ ದೋಷವಿಲ್ಲ. ನೀರಲ್ಲೂ ನೆಲದಲ್ಲೂ ಬದುಕುವ ಕಪ್ಪೆಯನ್ನು ಶಾಲೆಯಲ್ಲಿ 'ಉಭಯವಾಸಿ' ಎಂದು ಕಲಿಸಿರುತ್ತಾರೆ, ಮಕ್ಕಳು ಹಿಡಿದುಕೊಳ್ಳುತ್ತಾರೆ. 'ಕಮ್ಯೂಟರ್'ಗೆ 'ನಿತ್ಯಪ್ರಯಾಣಿಕರ' ಇರಲಿ.

ವಿ. ರಾ. ಭ.

*

'ನಿತ್ಯಪ್ರಯಾಣಿಕರ' ಉದ್ದ. ಬೆಂಗಳೂರಿನ ಯೋಜನೆಯಿಂದ 'ಉಪನಗರ ರೈಲು' ಮಕ್ಕಳಿಗೂ ಗೊತ್ತು. ಆದರೆ ಜಪಾನಿನಲ್ಲಿ ಈ ಭೇದಕ್ಕೂ ಬೆಲೆಯಿದೆ. ಇದೇ ಮಾರ್ಗದ ಹಳೆಯ 415 ರೈಲು 'ಕಿಂಕೋ', ಅಂದರೆ ನಗರದ ಆಸುಪಾಸಿನದು: ಬದಿಗೆ ಮೂರು ಬಾಗಿಲು. ಇ501 'ತ್ಸೂಕಿನ್', ಕೆಲಸಕ್ಕೆ ಹೋಗುವವರದು: ಬದಿಗೆ ನಾಲ್ಕು ಬಾಗಿಲು, ಗೋಡೆಗುಂಟ ಉದ್ದ ಸೀಟು, ಮಧ್ಯೆ ನಿಲ್ಲಲು ಜಾಗ. ಎರಡು ವಿದ್ಯುತ್ತಿನ ರೈಲುಗಳಲ್ಲಿ ಈ ಮಾದರಿಯದು ಇದೇ ಮೊದಲು. ಒಂದು ಸಾಲಿನಲ್ಲಿ ಬಾಗಿಲಿನ ಲೆಕ್ಕ ಹೇಳಿ, ಸಾಕು.

ಕೆ. ವಿ.

*

ಎಲ್ಲರಿಗೂ ಧನ್ಯವಾದ. ಮುದ್ರಣಕ್ಕೆ ಹೋಗುವುದು:

"ಉಭಯವಿದ್ಯುತ್ ಉಪನಗರ ರೈಲು. ಇ501, 1995. ಬದಿಗೆ ನಾಲ್ಕು ಬಾಗಿಲು. 1,500 ವೋಲ್ಟ್ ನೇರ ವಿದ್ಯುತ್, 20,000 ವೋಲ್ಟ್ ಪರ್ಯಾಯ ವಿದ್ಯುತ್ ಎರಡರಲ್ಲೂ ಓಡುತ್ತದೆ. ತೊರಿದೆ ದಾಟಿದ ಮೇಲೆ ವಿದ್ಯುತ್ ಇಲ್ಲದ ತಂತಿಯ ತುಂಡಿನ ಕೆಳಗೆ ಬಂದಾಗ ಈ ಮಾರ್ಗದ ರೈಲುಗಳಲ್ಲಿ ದೀಪ ಆರುತ್ತದೆ."

ಸು. ನಾ.

*

ಕೊನೆಯ ವಾಕ್ಯ ಹಾಗೆ ಬೇಡ. ದೀಪ ಆರುತ್ತಿದ್ದದ್ದು 415ರಂಥ ಹಳೆಯ ರೈಲುಗಳಲ್ಲಿ. ಜೋಬಾನ್ ಮಾರ್ಗದ ತೊರಿದೆ ಕಡೆಯಿಂದ ಅವು 2007ರ ಮಾರ್ಚಿನಲ್ಲೇ ಹೋದವು. ಈಗ ಓಡುವ ಇ531ರಲ್ಲಿ ದೀಪ ಉರಿಯುತ್ತಲೇ ಇರುತ್ತದೆ, ಹವಾನಿಯಂತ್ರಣ ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತದೆ. 'ಹಳೆಯ ರೈಲುಗಳಲ್ಲಿ ದೀಪ ಆರುತ್ತಿತ್ತು' ಎಂದು ತಿದ್ದಿ ಕಳಿಸಿ.

ಕೆ. ವಿ.