ಜಾಹೀರಾತುದಾರರು ಎರಡು ಸ್ಟಾರ್ ಕೊಟ್ಟರೆ ಮುಂದಿನ ಪೇಯ್ಡ್ ಪೋಸ್ಟ್‌ಗಳಿಗೆ ಎಷ್ಟು ಪೆಟ್ಟು?

ಒಗ್ಗರಣೆ_ಡಬ್ಬಿ: ಅಡುಗೆ ಬ್ಲಾಗ್; ಜಾಹೀರಾತುದಾರರಿಂದ ಪೇಯ್ಡ್ ಪೋಸ್ಟ್ ಆರ್ಡರ್ ಕೊಡಿಸುವ ತಾಣದಲ್ಲಿ ಹೊಸ ಪ್ರೊಫೈಲ್. ಇದುವರೆಗೆ ಬಂದ ರೇಟಿಂಗ್ 5, 5, 2. ಲಿಂಕ್‌ಗೆ ‘ಸ್ಪಾನ್ಸರ್ಡ್’ ಟ್ಯಾಗ್ (ಇದು ದುಡ್ಡಿನ ಲಿಂಕ್ ಎಂದು ಗೂಗಲ್‌ಗೆ ಹೇಳುವ ಕೋಡ್) ಹಾಕಿದ್ದೇ ಆ ಎರಡು ಸ್ಟಾರ್‌ಗೆ ಕಾರಣ. ಟ್ಯಾಗ್ ತೆಗೆದರೆ ಸ್ಟಾರ್ ಏರಿಸುತ್ತಾರಂತೆ. ತೆಗೆಯಲೇ?

ಲೆಕ್ಕದವ: ಮೊದಲು ಲೆಕ್ಕ ನೋಡಿ. ನಿಮ್ಮ ಸರಾಸರಿ ಈಗ 4.0. ಜಾಹೀರಾತುದಾರ 4.8ಕ್ಕಿಂತ ಕೆಳಗಿನವರು ಬೇಡ ಎಂದು ಫಿಲ್ಟರ್ ಹಾಕಿದರೆ ನಿಮ್ಮ ಹೆಸರು ಪಟ್ಟಿಯಲ್ಲೇ ಕಾಣುವುದಿಲ್ಲ. ಅಲ್ಲಿಗೆ ಮರಳಲು ಸತತ 12 ಐದು ಸ್ಟಾರ್ ಬೇಕು. ಇದೇ 2 ಸ್ಟಾರ್ ಹತ್ತನೆಯದಾಗಿ ಬಂದಿದ್ದರೆ ಸರಾಸರಿ 4.7, ಐದೇ ಪೋಸ್ಟ್‌ಗಳಲ್ಲಿ ಸರಿಹೋಗುತ್ತಿತ್ತು. ನಲವತ್ತರ ನಂತರ ಬಂದರೆ 4.93; ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ಮೊದಮೊದಲು ದೊಡ್ಡ ಮೊತ್ತದ, ತಕರಾರಿನ ಆರ್ಡರ್‌ಗಳನ್ನು ಬಿಟ್ಟು ಚಿಕ್ಕದಾದ, ಸ್ಪಷ್ಟವಾದ ಆರ್ಡರ್‌ಗಳನ್ನು ಹಿಡಿಯಿರಿ.

ಹಳೇ_ಬ್ಲಾಗರ್: ಟ್ಯಾಗ್ ಮಾತ್ರ ತೆಗೆಯಬೇಡಿ. ದುಡ್ಡು ತೆಗೆದುಕೊಂಡ ಲಿಂಕ್‌ಗೆ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ (ಈ ಲಿಂಕ್‌ಗೆ ಮನ್ನಣೆ ಕೊಡಬೇಡಿ ಎಂಬ ಟ್ಯಾಗ್) ಇರಲೇಬೇಕು ಎಂಬುದು ಗೂಗಲ್‌ನ ನಿಯಮ (ಮೊದಲನೆಯದು ಬಂದದ್ದು 2019ರಲ್ಲಿ, ಎರಡನೆಯದು 2005ರಿಂದ ಇದೆ). ಇಲ್ಲದಿದ್ದರೆ ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನ್ಯುಯಲ್ ಆಕ್ಷನ್ (ಗೂಗಲ್ ಸಿಬ್ಬಂದಿಯೇ ನೋಡಿ ಹಾಕುವ ಶಿಕ್ಷೆ) ಬೀಳಬಹುದು. 2007ರ ಕೊನೆಯಲ್ಲಿ, ದುಡ್ಡು ಕೊಟ್ಟು ಬ್ಲಾಗ್ ಪೋಸ್ಟ್ ಬರೆಸುತ್ತಿದ್ದ ತಾಣ ಪೇ‌ಪರ್‌ಪೋಸ್ಟ್‌ಗೆ ಬರೆಯುತ್ತಿದ್ದ ಎಷ್ಟೋ ಬ್ಲಾಗ್‌ಗಳಿಗೆ ಗೂಗಲ್ ಕೊಡುತ್ತಿದ್ದ ಅಂಕ, ಅಂದರೆ ಪೇಜ್‌ರ‍್ಯಾಂಕ್ ಸೊನ್ನೆಗೆ ಬಿತ್ತು. ಪೇಜ್‌ರ‍್ಯಾಂಕ್ ನೋಡಿಯೇ ಆರ್ಡರ್ ಕೊಡುತ್ತಿದ್ದ ಜಾಹೀರಾತುದಾರರಿಗೆ ಅವು ಬೇಡವಾದವು. ಒಬ್ಬರ ಸ್ಟಾರ್ ಉಳಿಸಲು ಹೋಗಿ ಇಡೀ ಸೈಟ್ ಕಳೆದುಕೊಳ್ಳುವ ವ್ಯಾಪಾರ ಅದು.

ಓದುಗರಿಗೆ ಕಾಣುವ ‘ಜಾಹೀರಾತು’ ಲೇಬಲ್ ಬೇರೆಯದೇ ವಿಷಯ. ಅದನ್ನೂ ತೆಗೆಸಲು ನೋಡುತ್ತಾರೆ, ಒಪ್ಪಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ದನಿಗೂಡಿಸಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಕಾಪಿ_ಡೆಸ್ಕ್: ನಿಜವಾದ ತೊಂದರೆ ಆರ್ಡರ್ ಒಪ್ಪುವ ಹೊತ್ತಿನಲ್ಲೇ ಆಗಿದೆ. ಕೆಲಸಕ್ಕೆ ಕೈಹಾಕುವ ಮೊದಲು ಆ ತಾಣದ ಚಾಟ್‌ನಲ್ಲೇ ಬರೆದು ಒಪ್ಪಿಸಿಕೊಳ್ಳಿ: ಎಷ್ಟು ಪದ, ಎಷ್ಟು ಲಿಂಕ್, ಆ್ಯಂಕರ್ ಪದ (ಲಿಂಕ್ ಕೂರಿಸುವ ಪದ) ಯಾವುದು, ಟ್ಯಾಗ್ ಯಾವುದು, ಲೇಬಲ್ ಎಲ್ಲಿ, ಪೋಸ್ಟ್ ಎಷ್ಟು ಕಾಲ ಇರುತ್ತದೆ, ತಿದ್ದುಪಡಿ ಎಷ್ಟು ಸಲ (ಎರಡು ಸಾಕು). ಫೋನ್‌ನಲ್ಲಿ ಹೇಳಿದ್ದು ತಕರಾರು ಬಂದಾಗ ಲೆಕ್ಕಕ್ಕಿಲ್ಲ.

ಪ್ರಕಟಿಸುವ ಮೊದಲು ಡ್ರಾಫ್ಟ್ ತೋರಿಸಿ. ಪ್ರಕಟಿಸಿದ ಮೇಲೆ ಇನ್‌ಕಾಗ್ನಿಟೋದಲ್ಲಿ ತೆರೆದು ಲಿಂಕ್ ಸರಿಯಾದ ಪುಟಕ್ಕೇ ಹೋಗುತ್ತದೆಯೇ, ಪುಟ ‘ನೋಇಂಡೆಕ್ಸ್’ (ಹುಡುಕಾಟದಲ್ಲಿ ಕಾಣದಂತೆ ಮಾಡುವ ಗುರುತು) ಆಗಿಲ್ಲವೇ ನೋಡಿ. ಕೆಲವು ಎಸ್‌ಇಒ (ಹುಡುಕಾಟದಲ್ಲಿ ಮೇಲೆ ಬರಲು ನೆರವಾಗುವ) ಪ್ಲಗಿನ್‌ಗಳು ಹೊರಗಿನ ಲಿಂಕ್‌ಗಳಿಗೆಲ್ಲ ತಾವೇ ‘ನೋಫಾಲೋ’ ಸೇರಿಸುತ್ತವೆ. ‘ಸ್ಪಾನ್ಸರ್ಡ್’ ಎಂದು ಒಪ್ಪಿದ ಕಡೆ ‘ನೋಫಾಲೋ’ ಕೂಡ ಕಂಡರೆ ಯಾಕೆಂದು ಕೇಳುವವರಿದ್ದಾರೆ.

ಲೆಕ್ಕದವ: ಸರಿ, ಆದರೆ ಒಂದು ಮಾತು ಒಪ್ಪಲಾರೆ. ಎರಡೇ ತಿದ್ದುಪಡಿ ಎಂದು ಹೊಸಬರು ಬಿಗಿ ಹಿಡಿದರೆ ಮೂರು ಸ್ಟಾರ್ ಗ್ಯಾರಂಟಿ. ಮೊದಲ ಹತ್ತು ಆರ್ಡರ್‌ವರೆಗೆ ಮೂರನೆಯದನ್ನೂ ಮಾಡಿಕೊಡಿ, ವಾಕ್ಯ ತಿದ್ದುವುದಕ್ಕೆ ಮಾತ್ರ. ವಿಷಯವೇ ಬದಲಾದರೆ ಅದು ಹೊಸ ಆರ್ಡರ್.

ಒಗ್ಗರಣೆ_ಡಬ್ಬಿ: ಈಗ ಬಂದಿರುವ 2 ಸ್ಟಾರ್‌ಗೆ ಏನು ಮಾಡಲಿ? ಅರ್ಧ ದುಡ್ಡು ವಾಪಸ್ ಕೊಟ್ಟರೆ?

ಕಾಪಿ_ಡೆಸ್ಕ್: ದುಡ್ಡಿಗೆ ಸ್ಟಾರ್ ಬದಲಿಸಿಕೊಳ್ಳುವುದಕ್ಕೆ ತಾಣಗಳು ಸಾಮಾನ್ಯವಾಗಿ ಬಿಡುವುದಿಲ್ಲ, ಖಾತೆಯೇ ಹೋಗಬಹುದು. ಟ್ಯಾಗ್ ತೆಗೆದರೆ ಸ್ಟಾರ್ ಏರಿಸುತ್ತೇವೆ ಎಂದು ಅವರು ಬರೆದಿದ್ದಾರಲ್ಲ, ಅದರ ಸ್ಕ್ರೀನ್‌ಶಾಟ್ ಜತೆ ಸಪೋರ್ಟ್‌ಗೆ ದೂರು ಕೊಡಿ. ಒತ್ತಡ ಹಾಕಿದ್ದಕ್ಕೆ ಅದೇ ಸಾಕ್ಷಿ. ರೇಟಿಂಗ್ ಕೆಳಗೆ ಉತ್ತರ ಬರೆಯಲು ಜಾಗವಿದ್ದರೆ ಎರಡೇ ಸಾಲು ಸಾಕು: ‘ಪಾವತಿಸಿದ ಲಿಂಕ್‌ಗೆ ಗೂಗಲ್ ನಿಯಮದಂತೆ ಸ್ಪಾನ್ಸರ್ಡ್ ಟ್ಯಾಗ್ ಹಾಕಲಾಗಿದೆ. ಉಳಿದ ಕೆಲಸ ಒಪ್ಪಿದ ದಿನಕ್ಕೇ ಮುಗಿದಿದೆ.’ ಎರಡನೆಯ ಸಾಲು ನಿಜವಾಗಿದ್ದರೆ ಮಾತ್ರ ಹಾಕಿ.