ಸಹಾಯ ಬೇಕು: ಬಿದ್ದ ಮೇಲೆ ಅಮ್ಮನಿಗೆ ಕಾಲೂರಲು ಆಗುತ್ತಿಲ್ಲ, ಎಕ್ಸ್‌ರೇ ಮಾತ್ರ ನಾರ್ಮಲ್

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 74 ವರ್ಷ. ಮೊನ್ನೆ ಮಂಚದಿಂದ ಇಳಿಯುವಾಗ ಜಾರಿ ಬಲಮಗ್ಗುಲಿಗೆ ಬಿದ್ದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸೊಂಟ ಉಳುಕಿದೆ ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಅವರಿಗೆ ಹಳೇ ಸೊಂಟನೋವು ಇರುವುದು ನಿಜ, ಆದರೆ ಇದು ಅದಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಈ ನೋವು ಬೆನ್ನಿನಲ್ಲಿಲ್ಲ, ತೊಡೆಸಂದಿನಲ್ಲಿದೆ. ಮಲಗಿದ್ದಾಗ ಪಾದ ಸ್ವಲ್ಪ ಒಳಕ್ಕೆ ತಿರುಗಿದರೂ ಚೀರುತ್ತಾರೆ. ಕಾಲು ಗಿಡ್ಡವಾಗಿಲ್ಲ, ಹೊರಕ್ಕೆ ವಾಲಿಯೂ ಇಲ್ಲ. ಆದರೆ ಮೂಳೆ ಬಿರುಕು ಬಿಟ್ಟು, ಜಾಗ ಬಿಟ್ಟು ಸರಿಯದಿದ್ದರೆ ಈ ಲಕ್ಷಣ ಕಾಣದೇ ಇರಬಹುದು. ಮೊದಲ ಎಕ್ಸ್‌ರೇಯಲ್ಲೂ ತಪ್ಪಿಹೋಗಬಹುದು, ಎಂಆರ್‌ಐ ಮಾಡಿಸಿದರೆ ಗೊತ್ತಾಗುತ್ತದೆ ಅಂತ ಓದಿದ್ದೇನೆ.

ನಡೆಸುವುದು ಬೇಡ ಅಂತ ಆಂಬುಲೆನ್ಸ್‌ಗೆ ಹೇಳಿದ್ದೇವೆ, ಇವತ್ತೇ ಮತ್ತೆ ತೋರಿಸುತ್ತೇವೆ. ಮೂಳೆ ಡಾಕ್ಟರು, ಫಿಸಿಯೋಥೆರಪಿಸ್ಟ್ ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಅಮ್ಮನಿಗೆ ಪೇಸ್‌ಮೇಕರ್ ಇದೆ, ಎಂಆರ್‌ಐ ಆಗದಿದ್ದರೆ ಸಿಟಿ ಸ್ಕ್ಯಾನ್ ಸಾಕಾಗುತ್ತದೆಯೇ? ಮುರಿದಿದ್ದರೆ 48 ಗಂಟೆಯೊಳಗೆ ಆಪರೇಷನ್ ಆಗುವುದು ಒಳ್ಳೆಯದಂತೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಏನು ಮಾಡುತ್ತಾರೆ? ಮೂಳೆ ಸವೆತಕ್ಕೆ ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ) ಯಾವಾಗ ಕೇಳಬೇಕು?

ಮನೆಯಲ್ಲಿ ಇಂಥವರನ್ನು ನೋಡಿಕೊಂಡವರೂ ಬರೆಯಿರಿ. ಮಲಗಿ ಮಲಗಿ ಹುಣ್ಣಾಗದಂತೆ ಹೇಗೆ ಹೊರಳಿಸುತ್ತಿದ್ದಿರಿ?